ಗಾಳಿಯ ಗೂಳಿಯನ್ನು ಏರಿದ ಏಚಲೆ

ಬಹಳ ಬಹಳ ಹಿಂದೆ, ಆಕಾಶದ ದಾರಿ ಹಕ್ಕಿಗಳಿಗಲ್ಲದೆ ಬೇರೆ ಯಾರಿಗೂ ತಿಳಿಯದಿದ್ದ ಕಾಲದಲ್ಲಿ, ಗಾಳಿಮಲೆ ಎಂಬ ರಾಜ್ಯವಿತ್ತು. ಆ ರಾಜ್ಯಕ್ಕೆ ಎರಡು ಬೆಟ್ಟ. ಒಂದು ಮೂಡುಬೆಟ್ಟ, ಇನ್ನೊಂದು ಪಡುಬೆಟ್ಟ. ಮೂಡುಬೆಟ್ಟದ ಮೇಲೆ ಅರಮನೆ, ಪಡುಬೆಟ್ಟದ ಮೇಲೆ ನವಣೆಯ ಹೊಲ. ಎರಡರ ನಡುವೆ ತಳ ಕಾಣದ ಕಮರಿ.

ಜನರನ್ನು ಆ ಕಮರಿ ದಾಟಿಸುತ್ತಿದ್ದವನು ಹೊಗೆಗಣ್ಣ ಎಂಬ ಮಾಂತ್ರಿಕ. ಅವನ ಬಳಿ ಎರಡು ತಲೆಯ ರಣಹದ್ದೊಂದಿತ್ತು. ದಾಟಬೇಕಾದವರು ಅವನ ಕಾಲಿಗೆ ಬೀಳಬೇಕು. ಮನಸ್ಸು ಬಂದರೆ ಹದ್ದಿನ ಬೆನ್ನ ಮೇಲೆ ಕೂರಿಸಿಕೊಳ್ಳುವನು, ಬಾರದಿದ್ದರೆ ನಕ್ಕು ಅಟ್ಟುವನು. ದೊರೆ ಮಾರಮಯ್ಯನಿಗೆ ಇದನ್ನು ಸಹಿಸಲಾಗಲಿಲ್ಲ. ಬಳ್ಳಿ ಹೊಸೆಸಿ, ಹಲಗೆ ಜೋಡಿಸಿ, ಕಮರಿಗೆ ತೂಗುಸೇತುವೆ ಕಟ್ಟಿಸಿದ. ಜನ ನಗುನಗುತ್ತಾ ಆಚೀಚೆ ಓಡಾಡಿದರು. ಹೊಗೆಗಣ್ಣನ ಕಾಲಿಗೆ ಬೀಳುವವರು ಯಾರೂ ಉಳಿಯಲಿಲ್ಲ.

ಅವನ ಸಿಟ್ಟು ನೆತ್ತಿಗೇರಿತು. ಸುಗ್ಗಿಯ ದಿನ ರಾಣಿ ಚಾಗಲೆ ಅರ್ಧ ಊರನ್ನು ಕರೆದುಕೊಂಡು ಕೊಯ್ಲಿಗೆಂದು ಪಡುಬೆಟ್ಟಕ್ಕೆ ಹೋಗಿದ್ದಳು. ಹೊಗೆಗಣ್ಣ ಒಂದೇ ಉಸಿರಿಗೆ ಸೇತುವೆಯನ್ನು ಸುಟ್ಟ. ಕಮರಿಯ ತಳದಲ್ಲಿ ಗಾಳಿಯ ಗೂಳಿಯನ್ನು ಬಿಟ್ಟ. ನಡುವೆ ಸುಳಿಹಾವನ್ನು ಬಿಟ್ಟ. ಆಚೆ ದಡದಲ್ಲಿ ರಣಹದ್ದಿನ ಮೇಲೆ ತಾನೇ ಕಾವಲು ಕುಳಿತ. ಆಮೇಲೆ ಎರಡು ಬೆಟ್ಟಕ್ಕೂ ಕೇಳುವಂತೆ ಕೂಗಿ ಆಣೆ ಇಟ್ಟ.

"ಆಕಾಶ ನನ್ನೊಬ್ಬನದು. ಬೇರೆ ಯಾರಾದರೂ ಅದನ್ನು ದಾಟಿದ ದಿನ ನನ್ನ ಮಂತ್ರವೆಲ್ಲ ಬೂದಿಯಾಗಲಿ. ಅಲ್ಲಿಯವರೆಗೆ ಪಡುಬೆಟ್ಟದಲ್ಲಿ ಸಿಕ್ಕವರು ಒಬ್ಬೊಬ್ಬರಾಗಿ ಕಲ್ಲಾಗುತ್ತಾ ಹೋಗುತ್ತಾರೆ. ಕಮರಿಗೆ ಬಿದ್ದವರೂ ಕಲ್ಲಾಗುತ್ತಾರೆ."

ಯಾರು ದಾಟಿಯಾರು ಎಂಬ ಧೈರ್ಯ ಅವನಿಗೆ. ಮನುಷ್ಯರಿಗೆ ರೆಕ್ಕೆ ಎಲ್ಲಿದೆ?

ಅಂದಿನಿಂದ ದಿನವೂ ಬೆಳಿಗ್ಗೆ ಪಡುಬೆಟ್ಟದ ಕೋಡುಗಲ್ಲಿನ ಮೇಲೆ ಕೆಂಪು ಸೆರಗೊಂದು ಬೀಸುತ್ತಿತ್ತು. ಅದು ರಾಣಿಯದು. ನಾನಿನ್ನೂ ಇದ್ದೇನೆ ಎಂದು ಅದರ ಅರ್ಥ. ಈಚೆ ದಡದಲ್ಲಿ ದೊರೆ, ಮಗ ಬೂತುಗ, ಮಗಳು ಏಚಲೆ ಅದನ್ನು ನೋಡಿದ ಮೇಲೆಯೇ ಬಾಯಿಗೆ ನೀರು ಹಾಕುತ್ತಿದ್ದರು.

ಬೂತುಗ ಬಿಸಿರಕ್ತದ ಹುಡುಗ, ತೋಳಿನಲ್ಲಿ ಆನೆಯ ಬಲ. ಹಕ್ಕಿ ರೆಕ್ಕೆ ಬಡಿದು ಹಾರುತ್ತದೆ, ನಾನೂ ಬಡಿಯುತ್ತೇನೆ ಎಂದ. ಬಿದಿರು ಸೀಳಿ, ಕೊಕ್ಕರೆ ಗರಿ ಪೋಣಿಸಿ ಎರಡು ದೊಡ್ಡ ರೆಕ್ಕೆ ಮಾಡಿ ತೋಳಿಗೆ ಕಟ್ಟಿಕೊಂಡ. ಊರೆಲ್ಲ ದಡದಲ್ಲಿ ಸೇರಿತು. ಏಚಲೆ ಅಣ್ಣನ ಹಣೆಗೆ ಕುಂಕುಮವಿಟ್ಟಳು. ಬೂತುಗ ಓಡಿದ, ಓಡಿದ, ದಡ ಮುಗಿಯಿತು, ಹಾರಿದ!

ಹೋ ಎಂದಿತು ಊರು. ಸ್ವಂತ ರೆಕ್ಕೆಯಲ್ಲಿ ನೆಲ ಬಿಟ್ಟ ಮೊದಲ ಮನುಷ್ಯ ಅವನು. ದಪ ದಪ ರೆಕ್ಕೆ ಬಡಿಯುತ್ತಾ ಹೋದ. ಆದರೆ ಹಕ್ಕಿಯ ಎದೆಯೇ ಬೇರೆ, ಮನುಷ್ಯನ ಎದೆಯೇ ಬೇರೆ. ತೋಳು ಸೋತು ಅವನು ಇಳಿಯತೊಡಗಿದ. ಆಗ ತಳದಿಂದ ಗಾಳಿಯ ಗೂಳಿ ಬುಸುಗುಡುತ್ತಾ ಮೇಲಕ್ಕೆ ನುಗ್ಗಿತು. ಬೂತುಗ ಸುಸ್ತಾಗಿ ರೆಕ್ಕೆ ಹರಡಿದ ಆ ಗಳಿಗೆಯಲ್ಲಿ ಅದರ ಉಸಿರು ಅವನನ್ನು ತಾಯಿ ಮಗುವನ್ನು ಎತ್ತಿದಂತೆ ಮೇಲಕ್ಕೆತ್ತಿತು. ಅವನು ಹೆದರಿ ಮತ್ತೆ ಬಡಿದ. ಬಿದಿರು ಲಟಕ್ಕನೆ ಮುರಿಯಿತು. ಬೀಳುತ್ತಾ ಅವನು ಕೂಗಿದ.

"ಏಚಲೆ, ಬಡಿಯಬೇಡ. ಹರಡಿ ಹಿಡಿ. ಗಾಳಿಯೇ ಹೊರುತ್ತದೆ."

ಕಮರಿಯ ಗೋಡೆಯ ಬಂಡೆಗೆ ಬಿದ್ದವನು ಅಲ್ಲೇ ಕಲ್ಲಾದ.

ಎರಡನೆಯವನು ದಂಡನಾಯಕ ಪೋಚಣ. ದೊಡ್ಡ ಹೊಟ್ಟೆಯ, ದೊಡ್ಡ ಮೀಸೆಯ ಮನುಷ್ಯ. ಅವನ ಹೆಂಡತಿಯೂ ಪಡುಬೆಟ್ಟದಲ್ಲಿ ಸಿಕ್ಕಿಬಿದ್ದಿದ್ದಳು. ಒಂದು ದಿನ ದಂಡಿನ ಅಡುಗೆ ಒಲೆಯ ಮೇಲೆ ಒಣಗಲು ಕಟ್ಟಿದ್ದ ರೇಷ್ಮೆ ಡೇರೆ ಬಿಸಿಗಾಳಿ ತುಂಬಿ ಉಬ್ಬಿತು, ಗೂಟ ಕಿತ್ತುಕೊಂಡು ಮರದೆತ್ತರ ಏರಿತು. ಪೋಚಣ ಕೈಯಲ್ಲಿದ್ದ ತುತ್ತನ್ನು ಮರೆತು ನೋಡಿದ. ಮರುದಿನವೇ ಡೇರೆಗಳನ್ನೆಲ್ಲ ಬಿಚ್ಚಿಸಿ ಒಂದು ಭಾರಿ ಚೀಲ ಹೊಲಿಸಿದ. ಕೆಳಗೆ ಬುಟ್ಟಿ, ಬುಟ್ಟಿಯ ಮೇಲೆ ಕೆಂಡದ ಹರಿವಾಣ. ನಾನು ಏರಿದರೆ ಆನೆಯೂ ಏರೀತು ಎಂದು ತಮಾಷೆ ಮಾಡುತ್ತಾ ಬುಟ್ಟಿಗೆ ಇಳಿದ.

ಚೀಲ ಏರಿತು. ಬೆಟ್ಟಕ್ಕಿಂತ ಎತ್ತರ, ಗರುಡನಿಗಿಂತ ಎತ್ತರ. ಗಾಳಿಯ ಗೂಳಿ ಎಷ್ಟು ನೆಗೆದರೂ ಅವನು ಎಟುಕಲಿಲ್ಲ. ಜನ ಕುಣಿದರು. ಪೋಚಣ ಮೇಲಿನಿಂದ ಹೆಂಡತಿಯ ಹೆಸರು ಹಿಡಿದು ಕೂಗಿದ್ದು ಎರಡೂ ಬೆಟ್ಟಕ್ಕೆ ಕೇಳಿಸಿತು. ಆದರೆ ನಡುಕಮರಿಯಲ್ಲಿ ಸುಳಿಹಾವು ಹೆಡೆ ಎತ್ತಿತು. ಅದರ ಮೈಯೆಲ್ಲ ಸುತ್ತುವ ಗಾಳಿ. ಚೀಲವನ್ನು ಬುಗುರಿಯಂತೆ ತಿರುಗಿಸಿತು. ಪೋಚಣನಿಗೆ ಏರಲು ಗೊತ್ತು, ಹೊರಳಲು ಗೊತ್ತಿಲ್ಲ. ಕೆಂಡ ಚೆಲ್ಲಿತು, ರೇಷ್ಮೆ ಹೊತ್ತಿತು.

"ಏರುವುದು ಸುಲಭ, ಏಚಲವ್ವ," ಎಂದು ಅವನು ಕೂಗಿದ. "ತಿರುಗುವುದನ್ನು ಕಲಿತು ಬಾ."

ಅವನೂ ಬಂಡೆಯೊಂದರ ಮೇಲೆ ಬಿದ್ದು ಕಲ್ಲಾದ. ಅವನ ಮೀಸೆಯೂ ಕಲ್ಲಾಯಿತು.

ದೊರೆ ಮಾರಮಯ್ಯ ಕುಸಿದುಹೋದ. ಇನ್ನು ಯಾರೂ ಕಮರಿಯ ಕಡೆ ಹೋಗಕೂಡದೆಂದು ಡಂಗುರ ಸಾರಿಸಿದ. ಏಚಲೆ ಬಿದಿರು ಕಡಿಯುತ್ತಿದ್ದಾಳೆ ಎಂಬ ಸುದ್ದಿ ಕೇಳಿ ತಾನೇ ಅವಳ ಬಳಿಗೆ ಬಂದ. ಮಗನನ್ನು ಕಳೆದುಕೊಂಡೆ, ಗೆಳೆಯನನ್ನು ಕಳೆದುಕೊಂಡೆ, ನಿನ್ನನ್ನೂ ಕಳೆದುಕೊಂಡು ಯಾರಿಗೆ ದೊರೆಯಾಗಿರಲಿ ಎಂದು ಕೇಳಿದ.

ಏಚಲೆ ಕತ್ತಿ ಕೆಳಗಿಟ್ಟಳು. "ಅಪ್ಪಾಜಿ, ಅಣ್ಣ ಬೀಳುವಾಗ ಅಮ್ಮನನ್ನು ಕರೆಯಲಿಲ್ಲ, ದೇವರನ್ನೂ ಕರೆಯಲಿಲ್ಲ. ನನ್ನನ್ನು ಕರೆದು ತಾನು ಕಂಡದ್ದನ್ನು ಹೇಳಿದ. ದಂಡನಾಯಕರೂ ಹೇಳಿದರು. ಅವರು ಹೇಳಿದ್ದನ್ನು ಕೇಳಿಸಿಕೊಂಡ ಮೇಲೂ ನಾನು ಸುಮ್ಮನೆ ಕೂತರೆ, ಅವರು ಬಿದ್ದದ್ದು ವ್ಯರ್ಥವಾಗುತ್ತದೆ."

ದೊರೆ ಬಿದಿರಿನ ಇನ್ನೊಂದು ತುದಿಯನ್ನು ಹಿಡಿದುಕೊಂಡ.

ಏಚಲೆ ಬಡಿಯದ ರೆಕ್ಕೆ ಮಾಡಿದಳು. ಒಂದರ ಮೇಲೊಂದು ಎರಡು ಅಂತಸ್ತು, ನಡುವೆ ಬಿದಿರಿನ ಕಾಲು, ಮೇಲೆ ಬಿಗಿಯಾಗಿ ಎಳೆದು ಹೊಲಿದ ರೇಷ್ಮೆ. ಕುರಿ ಮೇಯುವ ಇಳಿಜಾರಿನಲ್ಲಿ ಗಾಳಿಗೆ ಎದುರಾಗಿ ಓಡಿ ಜಿಗಿದಳು. ಮೊದಲ ಸಲ ಹೋದದ್ದು ಅಂಗಳದಷ್ಟು ದೂರ. ಮೂಗು ನೆಲಕ್ಕೆ ಬಡಿಯಿತು. ಆದರೂ ಎದ್ದವಳೇ ನಕ್ಕಳು. ಅಣ್ಣ ಹೇಳಿದ್ದು ನಿಜ, ಗಾಳಿ ಹೊತ್ತಿತ್ತು! ಆಮೇಲೆ ಹುಲ್ಲುಗಾವಲಿನಷ್ಟು ದೂರ ಹೋದಳು. ಆಮೇಲೆ ಕೆರೆಯ ಮೇಲೆ ಹೋದಳು. ಅವಳ ನೆರಳು ನೀರಿನ ಮೇಲೆ ಓಡುವುದನ್ನು ನೋಡಲು ಮುದುಕಿಯರೂ ಕೋಲೂರಿಕೊಂಡು ಬಂದರು.

ಆದರೆ ತಿರುಗುವುದು ಬರಲಿಲ್ಲ. ಪಕ್ಕದ ಗಾಳಿ ಬೀಸಿದರೆ ರೆಕ್ಕೆ ಮಗುಚಿಕೊಳ್ಳುತ್ತಿತ್ತು. ಒಮ್ಮೆ ಕೈ ಮುರಿಯಿತು. ಕೈ ಕೂಡುವವರೆಗೂ ಅವಳು ಹುಲ್ಲಿನ ಮೇಲೆ ಅಂಗಾತ ಮಲಗಿ ಹದ್ದುಗಳನ್ನು ನೋಡಿದಳು. ಹದ್ದು ತಿರುಗುವಾಗ ಒಂದು ರೆಕ್ಕೆಯ ತುದಿಯನ್ನು ಮೇಲಕ್ಕೆ ಹೊರಳಿಸುತ್ತದೆ, ಇನ್ನೊಂದನ್ನು ಕೆಳಕ್ಕೆ. ಅಷ್ಟೇ. ಏಚಲೆ ಎದ್ದು ಕೂತಳು. ರೆಕ್ಕೆಗಳ ತುದಿಗೆ ಹಗ್ಗ ಕಟ್ಟಿ, ಹಗ್ಗವನ್ನು ಸೊಂಟದ ಪಟ್ಟಿಗೆ ಬಿಗಿದಳು. ಸೊಂಟ ಎಡಕ್ಕೆ ಸರಿದರೆ ರೆಕ್ಕೆ ಎಡಕ್ಕೆ ಹೊರಳಿತು. ಬಲಕ್ಕೆ ಸರಿದರೆ ಬಲಕ್ಕೆ. ಅಂದು ಅವಳು ಕೆರೆಯ ಸುತ್ತ ಒಂದು ಸುತ್ತು ಹಾಕಿ, ಹೊರಟ ಜಾಗಕ್ಕೇ ಬಂದು ಇಳಿದಳು. ಸ್ವಂತ ರೆಕ್ಕೆಯಲ್ಲಿ ನೆಲದಿಂದ ಹೊರಟು ತಿರುಗಿ ಅದೇ ನೆಲಕ್ಕೆ ಬಂದವರು ಅವಳಿಗಿಂತ ಮೊದಲು ಯಾರೂ ಇರಲಿಲ್ಲ.

ಇನ್ನಷ್ಟು ದಿನ ಕಲಿಯಬೇಕು ಎಂದುಕೊಂಡಿದ್ದಳು. ಆದರೆ ಒಂದು ಬೆಳಿಗ್ಗೆ ಕೋಡುಗಲ್ಲಿನ ಮೇಲೆ ಕೆಂಪು ಸೆರಗು ಬೀಸಲಿಲ್ಲ. ಗಾಳಿ ಜೋರಾಗಿತ್ತು, ಸೆರಗು ಕಾಣುತ್ತಿತ್ತು, ಆದರೆ ಅಲುಗಲಿಲ್ಲ. ಅದು ಕಲ್ಲಾಗಿತ್ತು.

ಏಚಲೆ ಸೊಂಟಕ್ಕೆ ಪಟ್ಟಿ ಬಿಗಿದಳು. ರೆಕ್ಕೆಯ ಒಂದು ತುದಿಯನ್ನು ದೊರೆ ಹಿಡಿದ, ಇನ್ನೊಂದನ್ನು ಕುರುಬರು ಹಿಡಿದರು. ಎಲ್ಲರೂ ಕೂಡಿ ಓಡಿದರು. ದಡ ಬಂತು. ಅವರು ಬಿಟ್ಟರು, ಅವಳು ಹೋದಳು.

ಗಾಳಿಯ ಗೂಳಿ ಕೊಂಬು ಬಾಗಿಸಿ ಮೇಲಕ್ಕೆ ನುಗ್ಗಿತು. ಕೆಳಗೆ ಬಂಡೆಯ ಮೇಲೆ ಅಣ್ಣನ ಕಲ್ಲುಮುಖ ಕಂಡಿತು. ಏಚಲೆ ಅಲುಗದೆ ರೆಕ್ಕೆ ಹರಡಿ ಹಿಡಿದಳು. ಗೂಳಿಯ ಉಸಿರು ಅವಳನ್ನು ಎತ್ತಿತು, ಎತ್ತಿತು, ಮೋಡದವರೆಗೆ ಎತ್ತಿತು. ತನ್ನನ್ನು ಕಂಡು ಹೆದರದವರನ್ನು ಗೂಳಿ ಅದುವರೆಗೆ ಕಂಡಿರಲಿಲ್ಲ. ಅದು ಬಾಲ ಆಡಿಸಿತು.

ಮುಂದೆ ಸುಳಿಹಾವು ಹೆಡೆ ಎತ್ತಿತು. ಅದು ಯಾವ ಕಡೆ ಸುತ್ತುತ್ತಿದೆ ಎಂದು ಏಚಲೆ ನೋಡಿದಳು. ಸೊಂಟ ಸರಿಸಿ ತಾನೂ ಅದೇ ಕಡೆಗೆ ಹೊರಳಿದಳು. ಹಾವಿನ ಸುರುಳಿಯೊಳಗೇ ಸುತ್ತುತ್ತಾ, ಸುತ್ತುತ್ತಾ, ಮೆಟ್ಟಿಲು ಹತ್ತಿದಂತೆ ಹತ್ತಿ ಅದರ ಹೆಡೆಯ ಮೇಲಿನಿಂದ ಆಚೆಗೆ ಜಾರಿದಳು. ಹಾವು ತನ್ನ ಬಾಲವನ್ನೇ ಹಿಡಿದುಕೊಂಡು ತಿರುಗುತ್ತಾ ಉಳಿಯಿತು.

ಆಗ ಹೊಗೆಗಣ್ಣನೇ ಬಂದ. ಅವನ ಕಣ್ಣಿನಿಂದ ಹೊಗೆ ಕಾರುತ್ತಿತ್ತು. ರಣಹದ್ದಿನ ಎರಡು ಕೊಕ್ಕೂ ತೆರೆದಿದ್ದವು. ಇಳಿ, ಈ ಆಕಾಶ ನನ್ನದು ಎಂದು ಅವನು ಅಬ್ಬರಿಸಿದ. ಹಿಂದೆ ಹೋಗಲು ದಾರಿಯಿಲ್ಲ, ಮುಂದೆ ಅವನು. ಏಚಲೆ ನೇರವಾಗಿ ಅವನ ಮೇಲೆಯೇ ಹೋದಳು. ಹದ್ದಿನ ಕೊಕ್ಕು ರೇಷ್ಮೆಗೆ ತಾಗುವ ಹೊತ್ತಿಗೆ ಸೊಂಟವನ್ನು ಎಡಕ್ಕೆ ಎಸೆದಳು, ಮರುಗಳಿಗೆಯೇ ಬಲಕ್ಕೆ ಎಸೆದಳು. ಹದ್ದಿನ ಬಲತಲೆ ಎಡಕ್ಕೆ ಚಾಚಿತು, ಎಡತಲೆ ಬಲಕ್ಕೆ ಚಾಚಿತು. ಕುತ್ತಿಗೆಗೆ ಕುತ್ತಿಗೆ ಹೆಣೆದುಕೊಂಡಿತು. ಹದ್ದು ಪಲ್ಟಿ ಹೊಡೆಯಿತು. ಹೊಗೆಗಣ್ಣ ಅದರ ಬಾಲ ಹಿಡಿದು ಜೋತಾಡಿದ.

ಏಚಲೆಯ ರೆಕ್ಕೆಯೂ ಹರಿದಿತ್ತು. ಅವಳು ಓಲಾಡುತ್ತಾ, ಜಾರುತ್ತಾ ನವಣೆ ಹೊಲದ ಮೇಲೆ ಬಂದು, ಕೊಯ್ಯದೆ ಉಳಿದಿದ್ದ ತೆನೆಗಳನ್ನು ಬಾಚಿಕೊಂಡು ಧೊಪ್ಪನೆ ಬಿದ್ದಳು. ಬಾಯಿ ತುಂಬ ಮಣ್ಣು. ಅದು ಪಡುಬೆಟ್ಟದ ಮಣ್ಣು.

ಅವಳು ಉಗಿಯುವಷ್ಟರಲ್ಲಿ ಹೊಗೆಗಣ್ಣನ ಆಣೆ ಅವನನ್ನೇ ಸುಟ್ಟಿತು. ಅವನ ಮಂತ್ರ ಬೂದಿಯಾಯಿತು, ಅವನು ಒಂದು ಹಿಡಿ ಹೊಗೆಯಾಗಿ ಚದುರಿಹೋದ. ರಣಹದ್ದು ಎರಡು ಸಾಮಾನ್ಯ ಹದ್ದಾಗಿ, ಒಂದು ಆ ಕಡೆ, ಇನ್ನೊಂದು ಈ ಕಡೆ ಹಾರಿಹೋಯಿತು. ಗೂಳಿಯೂ ಹಾವೂ ಬರೀ ಗಾಳಿಯಾಗಿ ಹುಲ್ಲಿನ ಮೇಲೆ ಓಡಾಡಿದವು.

ಏಚಲೆ ಕುಂಟುತ್ತಾ ಕೋಡುಗಲ್ಲಿಗೆ ಓಡಿದಳು. ತಾಯಿಯ ಕಲ್ಲುಕೈಯನ್ನು ಹಿಡಿದುಕೊಂಡಳು. ಕಲ್ಲು ಬೆಚ್ಚಗಾಯಿತು, ಮೆತ್ತಗಾಯಿತು, ಅವಳ ಕೈಯನ್ನು ತಿರುಗಿ ಹಿಡಿಯಿತು. ರಾಣಿ ಚಾಗಲೆ ಮಗಳನ್ನು ನೋಡಿದಳು, ಹರಿದ ರೆಕ್ಕೆಯನ್ನು ನೋಡಿದಳು, ಕಮರಿಯನ್ನು ನೋಡಿದಳು. ಇಷ್ಟು ಮಣ್ಣು ಮೆತ್ತಿಕೊಂಡು ಎಲ್ಲಿ ಬಿದ್ದಿದ್ದೆ ಎಂದು ಕೇಳಿ, ಅಳತೊಡಗಿದಳು. ಕೆಳಗಿನ ಬಂಡೆಯಿಂದ ಪೋಚಣ ಹಗ್ಗ ಇಳಿಸಿರೋ, ಹಸಿವಾಗಿದೆ ಎಂದು ಕೂಗುತ್ತಿದ್ದ. ಇನ್ನೊಂದು ಬಂಡೆಯಿಂದ ಬೂತುಗ, ನನ್ನನ್ನು ಮೊದಲು ಎತ್ತಿ, ನನಗೆ ಅವಳ ರೆಕ್ಕೆ ನೋಡಬೇಕು ಎಂದು ಕೂಗುತ್ತಿದ್ದ.

ಸೇತುವೆ ಮತ್ತೆ ಕಟ್ಟಲು ತಿಂಗಳುಗಳು ಬೇಕಿದ್ದವು. ರಾಣಿ ಅಷ್ಟು ಕಾಯಲು ಒಪ್ಪಲಿಲ್ಲ. ಕಲ್ಲಿನಿಂದ ಮತ್ತೆ ಜೀವ ಪಡೆದ ಪಡುಬೆಟ್ಟದ ಹೆಂಗಸರು ತಮ್ಮ ರೇಷ್ಮೆ ಸೀರೆ ಕೊಟ್ಟರು, ಬೂತುಗ ಬಿದಿರು ಸೀಳಿದ, ಪೋಚಣ ಹೊಲಿಗೆಯ ಉಸ್ತುವಾರಿ ಮಾಡಿದ. ಈ ಸಲ ಇಬ್ಬರನ್ನು ಹೊರುವ ರೆಕ್ಕೆ. ತಾಯಿ ಕಣ್ಣು ಮುಚ್ಚಿಕೊಂಡಾಳು ಎಂದು ಏಚಲೆ ಎಣಿಸಿದ್ದಳು. ತೂಗುಸೇತುವೆಯ ಮೇಲೂ ಅವಳು ಕಣ್ಣು ಮುಚ್ಚಿಯೇ ನಡೆದವಳು. ಆದರೆ ಕಮರಿಯ ನಡುವೆ ತಿರುಗಿ ನೋಡಿದರೆ, ರಾಣಿಯ ಕಣ್ಣು ಇಷ್ಟಗಲ ತೆರೆದಿತ್ತು.

"ಇನ್ನೂ ಸ್ವಲ್ಪ ಮೇಲೆ ಹೋಗು, ಮಗು," ಎಂದಳು ರಾಣಿ. "ನಿಮ್ಮಪ್ಪ ಅಲ್ಲೇ ನಿಂತಿರುತ್ತಾನೆ, ಎಲ್ಲಿಗೂ ಹೋಗುವುದಿಲ್ಲ."

ಮೂಡುಬೆಟ್ಟದ ದಡದಲ್ಲಿ ದೊರೆ ಎರಡೂ ಕೈ ಎತ್ತಿಕೊಂಡು ನಿಂತಿದ್ದ. ಅವರು ಅವನ ತಲೆಯ ಮೇಲೆ ಒಂದು ಸುತ್ತು, ಇನ್ನೊಂದು ಸುತ್ತು ಹಾಕಿ ಇಳಿದರು. ಆಮೇಲೆ ಗಾಳಿಮಲೆಯವರು ಬೇಕೆಂದಾಗ ಸೇತುವೆಯ ಮೇಲೆ ನಡೆದು, ಬೇಕೆಂದಾಗ ಗಾಳಿಯ ಮೇಲೆ ತೇಲಿ, ಯಾರ ಕಾಲಿಗೂ ಬೀಳದೆ, ಉಂಡುಟ್ಟು ನಗುನಗುತ್ತಾ ಬಾಳಿದರು.