ಗೋಡೆಗೆ ಒರಗಿಸಿಟ್ಟ ಚಕ್ರ

೨೦೨೫ರ ಫೆಬ್ರವರಿ ೧೬, ಭಾನುವಾರ. ಮಧ್ಯಾಹ್ನ ೨.೫೦ಕ್ಕೆ ಸವಿತಾ ಎಂಬ ಮೂವತ್ತನಾಲ್ಕು ವರ್ಷದ ಶಿಕ್ಷಕಿ ಸುರಪುರ ಪೊಲೀಸ್ ಠಾಣೆಗೆ ಬಂದಳು. ಅವಳ ಕೆಲಸದ ಊರು ಸೈದಾಪುರದಿಂದ ಯಾದಗಿರಿ, ಯಾದಗಿರಿಯಿಂದ ಸುರಪುರ, ಎರಡು ಬಸ್ಸು. ಆಸ್ಪತ್ರೆಯಲ್ಲಿ ಗಂಡನ ಮುಖ ನೋಡಿ ಅಲ್ಲಿಂದ ನೇರವಾಗಿ ಬಂದಿದ್ದಳು. ಭಾನುವಾರವಾದರೂ ಹೆಗಲಲ್ಲಿ ಕೈಗೆ ಸಿಕ್ಕ ಶಾಲೆಯ ಚೀಲವೇ ಇತ್ತು.

ಅವಳ ಗಂಡ ತಿರುಪತಿ, ವಯಸ್ಸು ಮೂವತ್ತೆಂಟು, ಕಾಲೇಜೊಂದರಲ್ಲಿ ಗುಮಾಸ್ತ. ಅಂದು ಬೆಳಿಗ್ಗೆ ಬಾಡಿಗೆ ಮನೆಯ ಅಂಗಳದಲ್ಲಿ ಕಾರಿನ ಟೈರುಗಳನ್ನು ಅದಲುಬದಲು ಮಾಡುತ್ತಿದ್ದಾಗ, ಜಾಕಿನ ಮೇಲಿದ್ದ ಕಾರು ಎದೆಯ ಮೇಲೆ ಕೂತು ತೀರಿಕೊಂಡಿದ್ದ. ಆಸ್ಪತ್ರೆಯ ಮೆಮೊ ೧೧.೧೫ಕ್ಕೇ ಠಾಣೆಗೆ ತಲುಪಿತ್ತು. ಅಸಹಜ ಸಾವು ಎಂದು ದಾಖಲಿಸಿಕೊಳ್ಳಲು ಮನೆಯವರ ಲಿಖಿತ ದೂರು ಬೇಕಿತ್ತು, ಅಷ್ಟೇ.

ಸವಿತಾ ದೂರು ಬರೆದಳು. ಅಕ್ಷರ ಶಾಲೆಯ ಹಲಗೆಯ ಮೇಲಿನ ಹಾಗೆ ದುಂಡಗಿತ್ತು. ಓದುತ್ತ ಕೊನೆಯ ಸಾಲಿಗೆ ಬಂದಾಗ ಹೆಡ್ ಕಾನ್‌ಸ್ಟೆಬಲ್ ಅಂಬ್ರಪ್ಪ ಹಾಳೆಯನ್ನು ಪಿಎಸ್‌ಐ ದಾನೇಶ್ವರಿಯ ಮೇಜಿಗೆ ಒಯ್ದು ಆ ಸಾಲನ್ನೇ ತೋರಿಸಿದ. 'ನನ್ನ ಗಂಡ ಸ್ಟ್ಯಾಂಡ್ ಇಡದೆ ಕಾರಿಗೆ ಕೈ ಹಚ್ಚುವವರಲ್ಲ. ಆದ್ದರಿಂದ ತನಿಖೆ ಮಾಡಬೇಕೆಂದು ಕೋರುತ್ತೇನೆ.'

ದಾನೇಶ್ವರಿ ಅವಳನ್ನು ಒಳಗೆ ಕರೆದು ಕೂಡಿಸಿದಳು.

"ಯಾರ ಮ್ಯಾಲರ ಅನುಮಾನ ಅದ ಏನು?"

"ಇಲ್ರಿ. ಅವರಿಗೆ ಜಗಳ ಮಾಡಾಕ ಬರ್ತಿದ್ದಿಲ್ಲ."

"ಮತ್ತ?"

"ಗಾಲಿ ಬಿಚ್ಚೋ ಮುಂದ ಅವರು ಮೂರು ಕೆಲಸ ಮಾಡೇ ಮಾಡ್ತಿದ್ರು. ಹಿಂದಿನ ಗಾಲಿಗೆ ಕಲ್ಲು. ಜಾಕಿನ ಬಾಜೂಕ ಗಾಡಿ ಭಾರ ಹೊರೋ ಕಬ್ಬಿಣದ ಸ್ಟ್ಯಾಂಡ್. ಬಿಚ್ಚಿದ ಗಾಲಿ ಗಾಡಿ ಕೆಳಗ ಅಡ್ಡ ಮಲಗಿಸೋದು. ಸ್ಟ್ಯಾಂಡ್ ಕೈ ಕೊಟ್ರೂ ಗಾಲಿ ತಡೀತದ ಅಂತಿದ್ರು. ಪ್ರತಿ ಸಲ ಫೋನಿನಾಗ ನನಗ ಹೇಳ್ತಿದ್ರು, ನನಗ ಬ್ಯಾಡಾದ್ರೂ."

"ಇವತ್ತ ಫೋನ್ ಮಾಡಿದ್ರೇನು?"

ಸವಿತಾ ತನ್ನ ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಬೆಳಿಗ್ಗೆ ೯.೪೬ರಿಂದ ೧೦.೦೪. "ಮುಂದಿನ ಬಲಗಡಿ ಗಾಲಿ ಬಿಚ್ಚೀನಿ, ಮೂರೂ ಆಗ್ಯಾವು, ನೀರು ಕುಡಿಯಾಕ ಒಳಗ ಬಂದೀನಿ ಅಂದ್ರು. ಟೈರ್ ಬದಲಿ ಮಾಡಿ ಮಧ್ಯಾಹ್ನಕ್ಕ ನನ್ನ ಕಡಿ ಬರಾವ್ರಿದ್ರು." ಫೋನನ್ನು ಮತ್ತೆ ಚೀಲಕ್ಕೆ ಹಾಕುತ್ತಾ ಹೇಳಿದಳು: "ವಾರದಾಗ ಅದೊಂದ ದಿನ್ರಿ ನಮಗ."

೩.೪೦ಕ್ಕೆ ದಾನೇಶ್ವರಿ, ಅಂಬ್ರಪ್ಪ ಸ್ಥಳಕ್ಕೆ ಹೋದರು. ಗುಡ್ಡದ ಮೇಲಿನ ಊರು ಸುರಪುರ. ಅಲ್ಲಿ ಕಾರು ಎತ್ತುವಷ್ಟು ಸಮತಟ್ಟಾದ ಅಂಗಳ ಸಿಗುವುದೇ ಕಷ್ಟ. ತಿರುಪತಿಯ ಅಂಗಳಕ್ಕೆ ಪರಸಿ ಕಲ್ಲು ಹಾಸಿತ್ತು. ಬಿಳಿ ಕಾರು ಮುಂದಿನ ಬಲಗಡೆಯ ಗಾಲಿಯಿಲ್ಲದೆ, ಈಗ ಬೇರೊಂದು ದೊಡ್ಡ ಜಾಕಿನ ಮೇಲೆ ನಿಂತಿತ್ತು. ಅದನ್ನು ತಂದು ಕಾರೆತ್ತಿದವನು ಮೂರು ಮನೆ ಆಚೆ ಇರುವ ಚಂದ್ರಾಮಪ್ಪ, ಅರವತ್ತೊಂದು ವರ್ಷ, ಬಸ್ ಡಿಪೋದ ನಿವೃತ್ತ ಮೆಕ್ಯಾನಿಕ್. ಪಂಚನಾಮೆಗೆ ಇಬ್ಬರು ಪಂಚರು ಬೇಕಾಗಿತ್ತು. ಮನೆಯ ಮಾಲಕಿ ಭೀಮಮ್ಮ ಒಬ್ಬಳು, ಚಂದ್ರಾಮಪ್ಪ ಇನ್ನೊಬ್ಬ.

ಕಾರಿನ ಹಿಂದಿನ ಗಾಲಿಗಳಿಗೆ ಕಲ್ಲು ಇದ್ದವು. ಸ್ಟ್ಯಾಂಡ್ ಬಲಗಡೆಯ ಕಾಂಪೌಂಡ್ ಗೋಡೆಯ ಹತ್ತಿರ ಇತ್ತು. ಬಿಚ್ಚಿದ ಚಕ್ರವನ್ನು ಅದೇ ಗೋಡೆಗೆ ಒರಗಿಸಲಾಗಿತ್ತು. ತಿರುಪತಿಯ ಸಣ್ಣ ಜಾಕ್ ಕಾರಿನ ಕೆಳಗೇ, ಪೂರ್ತಿ ಇಳಿದು ನಿಂತಿತ್ತು. ಪಕ್ಕದಲ್ಲಿ ನಟ್ಟುಗಳನ್ನು ಹಾಕಿಟ್ಟಿದ್ದ ತಗಡಿನ ಮುಚ್ಚಳ ಓರೆಯಾಗಿ ಬಿದ್ದಿತ್ತು, ಅದರಲ್ಲಿ ಮೂರೇ ನಟ್ಟು. ನಾಲ್ಕನೆಯದು ಶವದ ಬಲಗೈ ಮುಷ್ಟಿಯಲ್ಲಿತ್ತೆಂದು ಆಸ್ಪತ್ರೆಯ ಮೆಮೊದಲ್ಲಿ ಬರೆದಿತ್ತು.

"ಮೊದಲ ನೋಡಿದವರು ಯಾರು?"

"ನಾನ್ರಿ," ಎಂದಳು ಭೀಮಮ್ಮ. "ಹತ್ತೂಕಾಲಿಗೆ ನೀರು ಬಂತು ಅಂತ ಹೊರಗ ಬಂದೆ. ಮುಂದಿನ ಕಡಿಂದ ಗಾಡಿ ಕೆಳಗ ಹೊಕ್ಕಿದ್ದ. ಕಾಲಷ್ಟ ಕಾಣತಿದ್ವು. ಕೂಗಿದೆ, ಹ್ಞೂಂ ಅನ್ಲಿಲ್ಲ. ಓಡಿ ಹೋಗಿ ಚಂದ್ರಾಮಪ್ಪನ ಬಾಗ್ಲ ಬಡದೆ. ನಮ್ಮ ಓಣ್ಯಾಗ ಗಾಡಿ ಎತ್ತೋದು ಗೊತ್ತಿದ್ದಾಂವ ಅಂವ ಒಬ್ಬನ."

"ಸ್ಟ್ಯಾಂಡ್, ಗಾಲಿ ಯಾರರ ಮುಟ್ಟೀರೇನು?"

"ಇಲ್ರಿ. ಅವು ಆಗಲೂ ಅಲ್ಲೇ ಇದ್ವು."

ದಾನೇಶ್ವರಿ ಚಂದ್ರಾಮಪ್ಪನ ಕಡೆ ತಿರುಗಿದಳು. ಎತ್ತರದ ಮನುಷ್ಯ. ಒಗೆದು ಒಗೆದು ಬಿಳಿಚಿದ ಖಾಕಿ ಅಂಗಿ.

"ಅದಕ್ಕೂ ಮೊದಲ ಮುಂಜಾನಿ ಇಲ್ಲಿ ಬಂದಿದ್ರೇನು?"

"ಇಲ್ರಿ. ಭೀಮಮ್ಮ ಕರದ ಮ್ಯಾಲೆ ಬಂದೆ."

ಅವನು ಪಂಚನಾಮೆಗೆ ಸಹಿ ಹಾಕಿದ. ಹಾಕಿದ ಮೇಲೂ ಸ್ವಲ್ಪ ಹೊತ್ತು ಪೆನ್ನು ಹಿಡಿದುಕೊಂಡೇ ನಿಂತಿದ್ದ. ಅಂಬ್ರಪ್ಪ ಕೇಳಿ ಇಸಿದುಕೊಳ್ಳಬೇಕಾಯಿತು.

ಮರುದಿನ, ಸೋಮವಾರ ೧೦.೩೦ಕ್ಕೆ, ಬಸ್ ನಿಲ್ದಾಣದ ಹಿಂದೆ ಗ್ಯಾರೇಜ್ ಇಟ್ಟಿರುವ ಗಯಾಸನನ್ನು ಅಂಗಳಕ್ಕೆ ಕರೆಸಿದರು. ಗಯಾಸ ಮೊದಲು ಕಾರಿನ ಸುತ್ತ ಒಂದು ಸುತ್ತು ಹಾಕಿದ. ಆಮೇಲೆ ಮೊಣಕಾಲೂರಿ ಬಾಗಿಲ ಕೆಳಗಿನ ಅಂಚನ್ನು ಬೆರಳಿನಿಂದ ಸವರಿದ.

"ಇಲ್ಲಿ ಸ್ಟ್ಯಾಂಡ್ ಕೂತಿತ್ರಿ ಮೇಡಂ. ಪೇಂಟ್ ಹೊಸದಾಗಿ ಎದ್ದದ ನೋಡ್ರಿ. ಸ್ಟ್ಯಾಂಡಿನ ತಲೀಗೂ ಬಿಳಿ ಬಣ್ಣ ಹತ್ತ್ಯದ."

"ಇಟ್ಟು ತೆಗೆದಾರ ಅಂತೀಯಾ?"

"ಹೌದ್ರಿ. ಭಾರ ಹೊತ್ತ ಸ್ಟ್ಯಾಂಡ್ ಸುಮ್ಮನ ಎಳದ್ರ ಬರಂಗಿಲ್ಲ. ಜಾಕ್ ಎರಡ ಸಲ ಒತ್ತಿ, ಗಾಡಿ ಒಂದ ಬೆರಳು ಮ್ಯಾಲೆ ಎತ್ತಿ ತೆಗೀಬೇಕು. ಗೊತ್ತಿದ್ದಾಂವ ತೆಗದಾನ."

ಜಾಕಿನ ಬುಡದಲ್ಲಿ, ಎಣ್ಣೆ ಬಿಟ್ಟು ಜಾಕು ಇಳಿಸುವ ತಿರುಪನ್ನು ಅವನು ಮುಟ್ಟದೆ ತೋರಿಸಿದ. ಅದು ಬಿಗಿಯಾಗಿರಲಿಲ್ಲ. ಕೂದಲೆಳೆಯಷ್ಟು ಸಡಿಲವಾಗಿತ್ತು.

"ಪೂರಾ ಬಿಟ್ರ ಗಾಡಿ ದಡಕ್ಕನ ಬೀಳ್ತದ. ಇಷ್ಟ ಬಿಟ್ರ ಮೆಲ್ಲಕ ಇಳೀತದ್ರಿ."

"ಎಷ್ಟೊತ್ತು?"

ಪ್ರಯೋಗವನ್ನು ಗಯಾಸನ ಗ್ಯಾರೇಜಿನಲ್ಲಿ ಮಾಡಿದರು. ಅಷ್ಟೇ ತೂಕದ ಇನ್ನೊಂದು ಕಾರು, ಅದೇ ನಮೂನೆಯ ಜಾಕು, ತಿರುಪು ಅಷ್ಟೇ ಸಡಿಲ. ಅಂಬ್ರಪ್ಪ ಗಡಿಯಾರ ಹಿಡಿದು ನಿಂತ. ಹನ್ನೆರಡು ನಿಮಿಷ ಏನೂ ಕಾಣಲಿಲ್ಲ. ಒಂದು ಬೆರಳಿನಷ್ಟು ಇಳಿದಿದ್ದು ಅಳತೆಪಟ್ಟಿ ಹಿಡಿದಾಗ ಮಾತ್ರ ಗೊತ್ತಾಯಿತು. ಹದಿನೆಂಟನೆಯ ನಿಮಿಷಕ್ಕೆ ಎಣ್ಣೆ ದಾರಿ ಮಾಡಿಕೊಂಡು ಉಳಿದದ್ದೆಲ್ಲ ಒಂದೇ ಉಸಿರಿಗೆ ಇಳಿಯಿತು. ಸದ್ದು ಅಂಥದೇನೂ ಇರಲಿಲ್ಲ.

"ಒಂದು ಸವಾಲ್ ಕೇಳ್ಲೇನ್ರಿ?" ಎಂದ ಗಯಾಸ. "ಟೈರ್ ಬದಲಿ ಮಾಡಾಕ ಗಾಡಿ ಕೆಳಗ ಹೋಗೋ ಕೆಲಸನ ಇಲ್ಲ. ಅಂವ ಯಾಕ ಹೋದ?"

"ನಟ್ಟಿಗೆ," ಎಂದಳು ದಾನೇಶ್ವರಿ.

ಠಾಣೆಗೆ ಮರಳಿ ಅವಳು ಹಾಳೆಯೊಂದರ ಮೇಲೆ ಕ್ರಮ ಬರೆದಳು. ತಿರುಪತಿ ಒಳಗೆ ಹೆಂಡತಿಯೊಡನೆ ಮಾತಾಡುತ್ತಿದ್ದ ಹದಿನೆಂಟು ನಿಮಿಷದಲ್ಲಿ ಯಾರೋ ಬಂದಿದ್ದಾರೆ. ಕೆಳಗೆ ಮಲಗಿಸಿದ್ದ ಚಕ್ರ ಎಳೆದಿದ್ದಾರೆ. ಎಳೆಯುವಾಗ ಮುಚ್ಚಳಕ್ಕೆ ತಗುಲಿ ಒಂದು ನಟ್ಟು ಕಾರಿನಡಿಗೆ ಉರುಳಿದೆ. ಜಾಕ್ ಒತ್ತಿ ಸ್ಟ್ಯಾಂಡ್ ತೆಗೆದಿದ್ದಾರೆ, ತಿರುಪು ಸಡಿಲಿಸಿ ಹೋಗಿದ್ದಾರೆ. ತಿರುಪತಿ ಹೊರಗೆ ಬಂದು ನಟ್ಟು ಹುಡುಕಿದ್ದಾನೆ, ಮುಂದಿನಿಂದ ಬಗ್ಗಿ ಕೈ ಚಾಚಿದ್ದಾನೆ. ಕಾಲು ಗಂಟೆಯ ಹಿಂದೆ ತಾನೇ ಇಟ್ಟ ಸ್ಟ್ಯಾಂಡ್ ಇನ್ನೂ ಅಲ್ಲೇ ಇದೆಯೇ ಎಂದು ಯಾರು ತಿರುಗಿ ನೋಡುತ್ತಾರೆ?

ಅಂದು ಸಂಜೆ ಐದಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂ ೧೦೫ರಡಿ, ಅಪರಿಚಿತ ವ್ಯಕ್ತಿಯ ವಿರುದ್ಧ ಎಫ್‌ಐಆರ್ ದಾಖಲಾಯಿತು. ಸ್ಟ್ಯಾಂಡ್, ಜಾಕ್, ಚಕ್ರ ಮೂರೂ ಬೆರಳಚ್ಚು ಪರೀಕ್ಷೆಗೆ ಹೋದವು.

ಕಳುಹಿಸುವ ಮುಂಚೆ ದಾನೇಶ್ವರಿ ಸ್ಟ್ಯಾಂಡನ್ನು ಇನ್ನೊಮ್ಮೆ ನೋಡಿದ್ದಳು. ಅದರ ಎತ್ತರ ಹಿಡಿದಿಡುವ ಪಿನ್ನಿಗೆ ಒಂದು ತುಂಡು ಹತ್ತಿನೂಲು ಸುತ್ತಿತ್ತು, ಯಂತ್ರದ ಎಣ್ಣೆ ಒರೆಸುವಂಥದು. ಸವಿತಾಗೆ ಫೋನ್ ಮಾಡಿದಾಗ ಅವಳು, "ನಮ್ಮ ಮನ್ಯಾಗ ಅಂಥಾ ನೂಲು ಇಲ್ರಿ. ಅವರು ಹಳೇ ಬನಿಯನ್‌ಲೆ ಒರಸ್ತಿದ್ರು" ಎಂದಳು.

ಮಂಗಳವಾರ ೧೧ ಗಂಟೆಗೆ ಚಂದ್ರಾಮಪ್ಪನ ಹೇಳಿಕೆ, ಬೆರಳಚ್ಚಿನ ಮಾದರಿ ಪಡೆಯಲು ಅವನ ಮನೆಗೆ ಹೋದರು. ಒಂದೇ ಕೋಣೆ. ಹೆಂಡತಿ ನಿವೃತ್ತಿಗೆ ವರ್ಷ ಮುಂಚೆ ತೀರಿದ್ದಳು, ಮಕ್ಕಳಿಲ್ಲ. ಗೋಡೆಗೆ ಹಲಗೆ ಹೊಡೆದು ಸಾಮಾನು ಜೋಡಿಸಿದ್ದ: ಪಾನಾಗಳು ಅಳತೆಯ ಸಾಲಿನಲ್ಲಿ, ಸುತ್ತಿಗೆ, ಎರಡು ಜಾಕು. ಒಂದೊಂದರ ಹಿಡಿಕೆಗೂ ಎಣ್ಣೆ ಒರೆಸಿದ ಹತ್ತಿನೂಲು ಸುತ್ತಿತ್ತು. ಅಂಬ್ರಪ್ಪ ದಾನೇಶ್ವರಿಯ ಮುಖ ನೋಡಿದ. ಅವಳು ಚಂದ್ರಾಮಪ್ಪನ ಕಡೆ ತಿರುಗಿದಳು.

"ತಿರುಪತಿಗೆ ಈ ಕೆಲಸ ಕಲಿಸಿದವರು ನೀವ ಅಂತ?"

"ಹೌದ್ರಿ."

"ಚಲೋ ಕಲ್ತಿದ್ನೇನು?"

"ಭಾಳ ಚಲೋ." ಅವನೇ ಮುಂದುವರಿಸಿದ. "ಮೊದಲ ಅಂವಗ ಜಾಕ್ ಎಲ್ಲಿ ಹಚ್ಚಬೇಕು ಅಂತ ಸುದ್ದಾ ಗೊತ್ತಿದ್ದಿಲ್ಲ. ಎಲ್ಲೆಂದ್ರಲ್ಲಿ ಹಚ್ಚಿದ್ರ ತಗಡು ಚಪ್ಪಟ ಆಗ್ತದ, ಅಂಚಿನ ಎರಡು ಕಚ್ಚಿನ ನಡುವ ಹಚ್ಚು ಅಂತ ತೋರಿಸಿದೆ. ಗಾಲಿ ನೆಲದ ಮ್ಯಾಲಿದ್ದಾಗನ ನಟ್ಟು ಸಡಿಲ ಮಾಡು, ಎತ್ತಿದ ಮ್ಯಾಲೆ ಜಗ್ಗಬ್ಯಾಡ ಅಂದೆ. ಗಾಡಿ ಕೆಳಗ ತಲಿ ಹಾಕಬ್ಯಾಡ ಅಂತ ಹತ್ತ ಸಲ ಹೇಳಿದ್ದೆ."

"ಈ ಸಲ ನಿಮ್ಮನ್ನ ಕರೀಲಿಲ್ಲೇನು?"

ಚಂದ್ರಾಮಪ್ಪ ಎದ್ದು ಹೋಗಿ ಸ್ಟೋವ್ ಹಚ್ಚಿದ. ಮೂರು ಕಪ್ಪು ಚಹಾ ಮಾಡಲು ಅವನಿಗೆ ಬಹಳ ಹೊತ್ತು ಬೇಕಾಯಿತು, ಮೂರನೆಯ ಕಪ್ಪು ಹುಡುಕಬೇಕಿತ್ತು.

ಫೆಬ್ರವರಿ ೨೨, ಶನಿವಾರ ಮಧ್ಯಾಹ್ನ ಬೆರಳಚ್ಚಿನ ವರದಿ ಬಂತು. ಸ್ಟ್ಯಾಂಡಿನ ಪಿನ್ನಿನ ಮೇಲೆ, ಚಕ್ರದ ಒಳಮೈ ಮೇಲೆ, ಚಂದ್ರಾಮಪ್ಪನ ಬಲಗೈ ಬೆರಳಚ್ಚು. ಕಾರೆತ್ತುವಾಗ ಅವನು ಇವೆರಡನ್ನೂ ಮುಟ್ಟಿಲ್ಲವೆಂದು ಭೀಮಮ್ಮನೂ ಆಗ ಓಡಿಬಂದಿದ್ದ ಓಣಿಯ ಇನ್ನಿಬ್ಬರೂ ಹೇಳಿಕೆ ಕೊಟ್ಟಿದ್ದರು. ಓಣಿಯ ತುದಿಯ ಕಿರಾಣಿ ಅಂಗಡಿಯ ಕ್ಯಾಮೆರಾದಲ್ಲಿ ೯.೪೯ಕ್ಕೆ ಖಾಕಿ ಅಂಗಿಯೊಂದು ತಿರುಪತಿಯ ಗೇಟು ಹೊಕ್ಕು, ೯.೫೩ಕ್ಕೆ ಹೊರಬಂದಿತ್ತು.

ನಾಲ್ಕು ಗಂಟೆಗೆ ಅವನನ್ನು ಠಾಣೆಗೆ ಕರೆತಂದರು. ದಾನೇಶ್ವರಿ ವರದಿಯನ್ನು ಅವನೆದುರಿಗೆ ಇಟ್ಟಳು. ಅವನು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು ಓದಿದ. ಅಷ್ಟೂ ಓದಿ ಮುಗಿಸಿ ಹಾಳೆಯನ್ನು ನೇರ ಮಾಡಿಟ್ಟ.

"ಅಂವ ಸಾಯ್ಬೇಕಂತ ಮಾಡ್ಲಿಲ್ರಿ."

"ಮತ್ತ ಯಾಕ ಮಾಡಿದ್ರಿ?"

"ಅಂವ ನನ್ನ ಕರೀಬೇಕಾಗಿತ್ತು."

ಅಂಬ್ರಪ್ಪ ಬರೆಯುವುದನ್ನು ನಿಲ್ಲಿಸಿದ.

"ಡಿಪೋದಾಗ ದಿನಾ ನಲವತ್ತು ಮಂದಿ ನನ್ನ ಹೆಸರು ಹಿಡದು ಕರೀತಿದ್ರು. ಚಂದ್ರಾಮಪ್ಪ ಬಾ, ಚಂದ್ರಾಮಪ್ಪ ಇದ ನೋಡು. ಮನಿಗೆ ಬಂದ ಮ್ಯಾಲೆ ಯಾರೂ ಇಲ್ಲ. ವರ್ಷಕ್ಕ ಎರಡು ಮೂರು ಸಲ ತಿರುಪತಿ ಬರ್ತಿದ್ದ, ಕಾಕಾ, ಟೈರ್ ಬದಲಿ ಮಾಡೋದದ ಬರ್ರಿ ಅಂತ. ಅರ್ಧ ದಿನ ಅಲ್ಲೇ ಇರ್ತಿದ್ದೆ. ಅಂವ ಜಾಕು, ಸ್ಟ್ಯಾಂಡು ತಗೊಂಡ. ನಾನ ಹೋಗಿ ಆರಿಸಿ ಕೊಟ್ಟೆ. ಆಮ್ಯಾಲೆ ಬರೋದು ಬಿಟ್ಟ." ಅವನು ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದ. "ಅವತ್ತ ಮುಂಜಾನಿ ಜಾಕ್ ಒತ್ತೋ ಸಪ್ಪಳ ಮನಿಗೆ ಕೇಳಸ್ತು. ಅಂಗಿ ಹಾಕ್ಕೊಂಡು ಕುಂತೆ. ಈಗ ಕರೀತಾನ, ಈಗ ಕರೀತಾನ ಅಂತ. ಕಡೀಕ ನಾನ ಹೋದೆ. ಒಳಗ ಫೋನಿನಾಗ ನಕ್ಕೋತ ಮಾತಾಡಾಕತ್ತಿದ್ದ. ನೋಡಿದೆ, ಎಲ್ಲಾ ಬರೋಬ್ಬರ್ ಇಟ್ಟಿದ್ದ. ಒಂದೂ ತಪ್ಪು ಸಿಗ್ಲಿಲ್ಲ."

"ಅದಕ್ಕ?"

"ಗಾಡಿ ಮೆಲ್ಲಕ ಕೂಡ್ಲಿ, ಕೂತ ಮ್ಯಾಲೆ ಅಡಿಗೆ ಸಿಕ್ಕ ಜಾಕಿನ ಹಿಡಿಕಿ ಆಡಂಗಿಲ್ಲ, ಎತ್ತಾಕ ಬರಂಗಿಲ್ಲ, ನನ್ನ ಕಡಿ ಬರ್ತಾನ ಅಂತ. ಅಷ್ಟ. ಮನಿಗೆ ಹೋಗಿ ಬಾಗ್ಲ ತೆರದ ಇಡಬಾರದು ಅಂತ ಮುಚ್ಚಿ ಕುಂತೆ, ಕಾಯಾಕತ್ತೀನಿ ಅಂತ ಗೊತ್ತಾಗಬಾರದಲ್ಲ. ಬಾಗ್ಲ ಬಡದ್ರು. ಅಂವನ ಬಂದಾನ ಅಂತ ಎದ್ದೆ."

ಬಾಗಿಲಲ್ಲಿ ನಿಂತಿದ್ದವಳು ಭೀಮಮ್ಮ.

ದಾನೇಶ್ವರಿ ವರದಿಯನ್ನು ಕಡತಕ್ಕೆ ಸೇರಿಸಿದಳು. ಅವನು ಚಕ್ರ ಎಳೆದಾಗಲೇ, ತಿರುಪತಿಯ ಮುಷ್ಟಿಯಲ್ಲಿ ಸಿಕ್ಕ ಆ ನಟ್ಟು ಉರುಳಿತ್ತು ಎಂಬುದನ್ನು ಅವನಿಗೆ ಹೇಳಲಿಲ್ಲ. ಆರೋಪಪಟ್ಟಿಯಲ್ಲಿ ಬರೆದೇ ಬರೆಯುತ್ತಾಳೆ, ಒಂದು ದಿನ ಕೋರ್ಟಿನಲ್ಲಿ ಓದಿ ಹೇಳುತ್ತಾರೆ. ಇವತ್ತೇ ಹೇಳಬೇಕೆಂದು ಯಾವ ಕಾನೂನೂ ಇಲ್ಲ.

೫.೧೦ಕ್ಕೆ ಬಂಧನವನ್ನು ದಾಖಲಿಸಿದರು. ಅಂಬ್ರಪ್ಪ ಮೆಮೊ ತುಂಬುತ್ತಾ ಕೊನೆಯ ಕಾಲಮಿಗೆ ಬಂದ. ಬಂಧನದ ಸುದ್ದಿ ತಿಳಿಸಬೇಕಾದ ಸಂಬಂಧಿಕ ಅಥವಾ ಗೆಳೆಯನ ಹೆಸರು.

"ಯಾರ ಹೆಸರು ಬರೀಲಿ ಕಾಕಾ?"

ಚಂದ್ರಾಮಪ್ಪ ಯೋಚಿಸಿದ. ಹೊರಗೆ ಬಸ್ಸೊಂದು ಗುಡ್ಡ ಹತ್ತುತ್ತಿತ್ತು. ಅದು ಗೇರು ಬದಲಿಸಿ ದೂರ ಹೋಗುವವರೆಗೂ ಅವನು ಯೋಚಿಸುತ್ತಲೇ ಇದ್ದ.

"ಯಾರೂ ಇಲ್ರಿ."

"ಖಾಲಿ ಬಿಡಾಕ ಬರಂಗಿಲ್ಲ."

ಕೊನೆಗೆ ದಾನೇಶ್ವರಿಯೇ ಭೀಮಮ್ಮನ ಹೆಸರು ಬರೆಯಲು ಹೇಳಿ, ತಾನೇ ಫೋನ್ ಮಾಡಿದಳು. ವಿಷಯವನ್ನು ಎರಡು ಮಾತಿನಲ್ಲಿ ತಿಳಿಸಿದಳು. ಆ ಕಡೆಯಿಂದ ಕೊಡಕ್ಕೆ ನೀರು ಬೀಳುವ ಸದ್ದು ಮಾತ್ರ ಕೇಳುತ್ತಿತ್ತು, ಆಮೇಲೆ ಅದೂ ನಿಂತಿತು.

"ಅಂವನ ಮನಿ ಬಾಗ್ಲ ಕೀಲಿ ಹಾಕ್ಯದೇನ್ರಿ?" ಎಂದು ಕೇಳಿದಳು ಭೀಮಮ್ಮ.

ದಾನೇಶ್ವರಿ ಫೋನ್ ಹಿಡಿದೇ ಚಂದ್ರಾಮಪ್ಪನನ್ನು ಕೇಳಿದಳು. ಅವನು ಇಲ್ಲವೆಂದು ತಲೆಯಾಡಿಸಿದ.

"ಹಾಂಗಾರ ನಾ ಹೋಗಿ ಹಾಕ್ತೀನಿ," ಎಂದು ಭೀಮಮ್ಮ ಫೋನ್ ಇಟ್ಟಳು.