ಎಡ ತೋಳಿನ ತೇಪೆ

2025ರ ಜನವರಿ 19, ರವಿವಾರ. ಸಂಜೆ 5:40ಕ್ಕೆ ಚಿತ್ರಕಲಾ ಶಿಕ್ಷಕ ಅರುಣಕುಮಾರ ಇಂಡಿ ಪೊಲೀಸ್ ಠಾಣೆಗೆ ಬಂದರು. ಪಟ್ಟಣದ ಸಭಾಭವನವೊಂದರಲ್ಲಿ ಮೂರು ದಿನದಿಂದ ಅವರ ಚಿತ್ರಗಳ ಪ್ರದರ್ಶನ ನಡೆದಿತ್ತು: ಜೋಳದ ತೆನೆ, ತೊಗರಿ ಹೊಲ, ದೇವರ ಹಿಪ್ಪರಗಿ ಸಂತೆಗೆ ಹೊರಟ ಹೆಂಗಸರು. ಅವುಗಳಲ್ಲಿ ಒಂದು, ಒಲೆಯ ಮುಂದೆ ರೊಟ್ಟಿ ಬಡಿಯುತ್ತಿರುವ ಅವರ ದಿವಂಗತ ತಾಯಿ ಗುಂಡವ್ವನದು, ದಿಲ್ಲಿಯ ಪ್ರದರ್ಶನಕ್ಕೆ ಆಯ್ಕೆಯಾಗಿತ್ತು. ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ. ಮಂಗಳವಾರ ಅದನ್ನು ಒಯ್ಯಲು ಗಾಡಿ ಬರುವುದಿತ್ತು.

“ಯಾರೋ ನಮ್ಮವ್ವಗ ಸೂಜಿ ಚುಚ್ಯಾರ್ರಿ, ಮೇಡಮ್ರ,” ಎಂದರು.

ಪಿಎಸ್‌ಐ ಶೈಲಶ್ರೀ ಎಫ್‌ಐಆರ್ ದಾಖಲಿಸಿ, 6:30ಕ್ಕೆ ಸ್ಥಳ ಪಂಚನಾಮೆ ಮಾಡಿದರು. ಚಿತ್ರದಲ್ಲಿ ಗುಂಡವ್ವನ ಕುಪ್ಪಸದ ಎಡ ತೋಳು ಹರಿದಿತ್ತು. ಅರುಣಕುಮಾರರೇ ಹಾಗೆ ಬರೆದದ್ದು. ಆ ಹರಕಿನ ಮೇಲೆ ಈಗ ಎರಡು ಬೆರಳಗಲದ ಹಸಿರು ಖಣದ ಬಟ್ಟೆಯ ತುಂಡನ್ನಿಟ್ಟು, ಕ್ಯಾನ್ವಾಸಿಗೆ ಸೇರಿಸಿ ಕೆಂಪು ದಾರದಿಂದ ಹೊಲಿಯಲಾಗಿತ್ತು. ಹೊಲಿಗೆ ಮೂವತ್ತೊಂದು. ಸುತ್ತ ಬಣ್ಣ ಉದುರಿತ್ತು. ಬಾಗಿಲ ಬೀಗ ಮುರಿದಿರಲಿಲ್ಲ.

“ಮಧ್ಯಾಹ್ನ ಎಲ್ಲಿದ್ದಿ?” ಕಾವಲುಗಾರ ಭೀಮಶ್ಯಾನನ್ನು ಕೇಳಿದರು.

“ಊಟಕ್ಕ ಹೋಗಿದ್ದೆರಿ. ಒಂದು ತಾಸು.”

“ಬಾಗಿಲಾ?”

“ತಗದಽ ಇತ್ರಿ. ಗ್ವಾಡಿ ಮ್ಯಾಲಿನ ಚಿತ್ರ ಯಾರು ಒಯ್ತಾರಂತ...”

ಶೈಲಶ್ರೀ ತೇಪೆಯ ಸಮನಾದ ಹೊಲಿಗೆಗಳನ್ನು ನೋಡಿದರು. “ಸಿಟ್ಟಿನಾಗ ಮಾಡಿದ ಕೆಲಸ ಅಲ್ಲ ಇದು,” ಎಂದು ಕಾನ್‌ಸ್ಟೇಬಲ್ ಮುತ್ತುರಾಜನಿಗೆ ಹೇಳಿದರು. “ನಾಳೆ ಈ ಫೋಟೋ ಟೇಲರ್‌ಗಳಿಗೆ ತೋರ್ಸು.”

ಸೋಮವಾರ ಬೆಳಿಗ್ಗೆ 10:15. ಮೂರನೆಯ ಅಂಗಡಿಯಲ್ಲಿ ಮುದುಕ ಮೋದಿನಸಾಬ ಕನ್ನಡಕ ಏರಿಸಿದ.

“ಇದು ಕೌದಿ ಹೊಲಿಗಿರಿ, ಸಾಹೇಬ್ರ. ಐದು ಹೊಲಿಗಿಗೊಮ್ಮಿ ಹಿಂದಕ ಬಂದಾಳ, ನೋಡ್ರಿ. ಸಾಲೋಟಗಿ ಲಕ್ಕವ್ವನ ಕೈ. ಆಕಿ ಹೊಲಿದ ಕೌದಿ ನಮ್ಮ ಮನ್ಯಾಗ ಮೂರು ಅದಾವು.”

11:45ಕ್ಕೆ ಜೀಪು ಸಾಲೋಟಗಿ ತಲುಪಿದಾಗ ಎಪ್ಪತ್ತೆರಡರ ಲಕ್ಕವ್ವ ಕಟ್ಟೆಯ ಮೇಲೆ ಹಳೆಯ ಬಟ್ಟೆ ತುಂಡುಗಳ ಕೌದಿ ಹರಡಿಕೊಂಡು ಕೂತಿದ್ದಳು. ಪಕ್ಕದ ಗಂಟಿನಲ್ಲಿ ಅದೇ ಹಸಿರು ಖಣ.

“ನಿನ್ನೆ ಇಂಡಿಗೆ ಬಂದಿದ್ದ್ಯಾ, ಆಯಿ?” ಶೈಲಶ್ರೀ ಕೇಳಿದರು.

“ಬಂದಿದ್ದೆ.”

“ಚಿತ್ರಕ್ಕ ತ್ಯಾಪಿ ಹಚ್ಚಿದವರು ಯಾರು?”

“ನಾನಽ ಹಚ್ಚೇನಿ. ನಮ್ಮಕ್ಕಗ ಇನ್ಯಾರು ಹಚ್ತಾರ?”

ಖಣ, ಸೂಜಿ, ದಾರ ಜಪ್ತಿಯಾದವು. ದಸ್ತಗಿರಿ ಎಂದರೆ ಏನೆಂದು ಕೇಳಿ ತಿಳಿದುಕೊಂಡ ಮೇಲೆ, ಕೌದಿ ಮಡಚಿಟ್ಟು ಬರುತ್ತೇನೆ ಎಂದಳು ಲಕ್ಕವ್ವ. ಒಬ್ಬರಿಗೆ ಮಡಚಲಾಗದ ಕೌದಿ; ಇನ್ನೊಂದು ತುದಿಯನ್ನು ಶೈಲಶ್ರೀಯೇ ಹಿಡಿದರು. 12:10ಕ್ಕೆ ಮಹಿಳಾ ಪೇದೆ ಪ್ರಜ್ಞಾ ಅವಳನ್ನು ಕೈಹಿಡಿದು ಜೀಪು ಹತ್ತಿಸಿದಳು.

ಠಾಣೆಯಲ್ಲಿ ಅರುಣಕುಮಾರ ಕುರ್ಚಿಯಿಂದ ಎದ್ದೇಬಿಟ್ಟರು. “ಚಿಗವ್ವಾ, ನೀನಾ? ಅದು ದಿಲ್ಲಿಗೆ ಹೋಗೂದಿತ್ತು!”

“ಹರಕ ತೋಳು ತೊಟ್ಕೊಂಡು ದಿಲ್ಲಿಗೆ ಹೋಗಬೇಕಾ ಆಕಿ?”

“ಅವ್ವನ್ನ ನೆನಸಿದ್ರ ನನಗ ಆ ತೋಳಽ ಕಣ್ಣಿಗೆ ಬರ್ತೈತಿ. ಏನು ಮಾಡ್ಲಿ?”

“ಯಾಕ ಹರೀತಂತ ಗೊತ್ತೈತೇನು? ನಿನಗ ಆರು ವರ್ಷ. ಕುಡಗೋಲ ಮ್ಯಾಲೆ ಕಾಲಿಟ್ಟಿ. ಆಕಿ ಸೆರಗಿಗೆ ಸಗಣಿ ಹತ್ತಿತ್ತು. ಅದಕ್ಕ ತೋಳು ಹರದು ಕಾಲಿಗೆ ಕಟ್ಟಿದ್ಲು. ಮರುದಿನ ಮುಂಜಾನೆ ನಾ ಹಸಿರ ಖಣದ ತ್ಯಾಪಿ ಹಚ್ಚಿಕೊಟ್ಟೆ. ನೀ ಜ್ವರದಾಗ ಮಲಗಿದ್ದಿ. ಮುಂದ ಐದು ವರ್ಷ ಅದನ್ನಽ ತೊಟ್ಲು, ನಿನಗ ನೆನಪಿಲ್ಲ.”

ಅರುಣಕುಮಾರ ಬಗ್ಗಿ ತಮ್ಮ ಪಾದದ ಹಳೆಯ ಗೆರೆಯನ್ನು ಮುಟ್ಟಿ ನೋಡಿಕೊಂಡರು. ಆಮೇಲೆ, ದೂರು ವಾಪಸ್ ಕೊಡಿ ಎಂದರು.

“ಎಫ್‌ಐಆರ್ ಆಗೇತ್ರಿ, ಸರ. ಇನ್ನೇನಿದ್ರೂ ಕೋರ್ಟಿನಾಗ ರಾಜಿ,” ಎಂದರು ಶೈಲಶ್ರೀ. ಠಾಣಾ ಜಾಮೀನಿಗೆ ಫಿರ್ಯಾದಿ ಅರುಣಕುಮಾರರೇ ಸಹಿ ಹಾಕಿದರು. ಸಾಕ್ಷ್ಯವೆಂದು ಜಪ್ತಿಯಾದ ಚಿತ್ರ ಮಂಗಳವಾರದ ಗಾಡಿಯಲ್ಲಿ ಹೋಗುವಂತಿರಲಿಲ್ಲ. ಆ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಆ ಖಣ ಎಲ್ಲಿಯದು, ಅವ್ವ ಮತ್ತೇನು ತೊಡುತ್ತಿದ್ದಳು ಎಂದು ಚಿಗವ್ವನನ್ನು ಕೇಳುತ್ತ ಕೂತರು.

ಸಂಜೆ 4:20ಕ್ಕೆ ಪ್ರಜ್ಞಾ ಹೇಳಿಕೆ ಓದಿದಳು: “ಮೃತ ಅಕ್ಕನ ಚಿತ್ರದಲ್ಲಿ ಹರಿದ ತೋಳನ್ನು ಕಂಡು ಮನನೊಂದು ಈ ಕೃತ್ಯ ಎಸಗಿರುತ್ತೇನೆ.”

ಹೆಬ್ಬೆಟ್ಟಿಗೆ ಶಾಯಿ ಹಚ್ಚಿಕೊಂಡಿದ್ದ ಲಕ್ಕವ್ವ ಕೈ ಹಿಂದಕ್ಕೆಳೆದಳು.

“ಮನನೊಂದು ಅಲ್ಲ, ತಂಗಿ. ನಾ ಹೊಲಿದಿದ್ದ ತ್ಯಾಪಿ ಬಿಟ್ಟು ಚಿತ್ರ ಬರದಿದ್ದ ಅವ. ಅದನ್ನ ಹಚ್ಚೇನಿ. ಹಂಗಽ ಬರಿ.”

ಪ್ರಜ್ಞಾ ಪಿಎಸ್‌ಐ ಕಡೆ ನೋಡಿದಳು. ಶೈಲಶ್ರೀ ಆಗಲಿ ಎಂದು ತಲೆ ಆಡಿಸಿದರು. ಪ್ರಜ್ಞಾ ಆ ಸಾಲನ್ನು ಹೊಡೆದುಹಾಕಿ, ಲಕ್ಕವ್ವ ಹೇಳಿದಂತೆಯೇ ಬರೆದಳು.