ಲೈಟಿಗೆ ಕಾಣದ ಹಿನಾ

ಫ್ಯಾನು ನಿಂತಿತು. ಲೈಟೂ ಹೋಯಿತು.

ಕರೆಂಟ್ ಎಲ್ಲೂ ಹೋಗಿಲ್ಲ ಅಂತ ಹಿನಾಗೆ ಗೊತ್ತು. ಓದುತ್ತಿದ್ದ ಪುಸ್ತಕವನ್ನು ಮಡಿಲಲ್ಲಿಟ್ಟು ಕೈ ಎತ್ತಿ ಆಡಿಸಿದಳು. ಲೈಟು ಬಂತು.

“ನೋಡ್ರೋ, ಹಿನಾ ಲೈಟಿಗೂ ಕಾಣಲ್ಲ!” ಬಾಗಿಲಲ್ಲಿ ನಿಂತಿದ್ದ ಅವಳ ಕ್ಲಾಸಿನ ಶೋಯೆಬ್ ನಕ್ಕ.

ಚನ್ನಪಟ್ಟಣದ ಆ ಸ್ಕೂಲಿನ ರೀಡಿಂಗ್ ರೂಮಿಗೆ ಹಗಲಲ್ಲೂ ಲೈಟು ಬೇಕು. ಬೇಸಿಗೆ ರಜದಲ್ಲಿ ಅದರ ಚಾವಣಿಗೆ ಒಂದು ಬಿಳಿ ಡಬ್ಬಿ ಅಂಟಿಸಿದ್ದರು. ಹೆಸರು ಸೆನ್ಸರ್. ಜನ ಇದ್ದರೆ ಲೈಟು, ಫ್ಯಾನು ಹಾಕುತ್ತದೆ, ಇಲ್ಲದಿದ್ದರೆ ಆರಿಸಿ ಕರೆಂಟ್ ಉಳಿಸುತ್ತದೆ. ಒಳ್ಳೆಯ ಡಬ್ಬಿಯೇ. ಆದರೆ ಅದಕ್ಕೆ ಅಲ್ಲಾಡುವವರು ಮಾತ್ರ ಕಾಣುತ್ತಾರೆ. ನಮ್ಮ ಹಿನಾ ಪುಸ್ತಕ ಹಿಡಿದರೆ ಸೊಳ್ಳೆ ಕಚ್ಚಿದರೂ ಅಲ್ಲಾಡುವವಳಲ್ಲ. ಮಾತೂ ಅಷ್ಟೇ. ಹಾಜರಿ ಕೂಗುವಾಗ ಅವಳ “ಎಸ್ ಮಿಸ್” ಪಕ್ಕದ ಬೆಂಚಿಗೂ ಕೇಳುತ್ತಿರಲಿಲ್ಲ.

ಶೋಯೆಬ್ ಅಂದಿದ್ದು ಅವಳಿಗೆ ಚುಚ್ಚಿತು. ಮನೆಗೆ ಹೋದವಳೇ ತಾತನ ಹತ್ತಿರ ಹೇಳಿಕೊಂಡಳು. ತಾತನನ್ನು ಅವಳು ಕರೆಯುವುದು ದಾದಾ ಅಂತ. ದಾದಾ ನಲವತ್ತು ವರ್ಷದಿಂದ ಲೇತಿನಲ್ಲಿ ಮರದ ಗೊಂಬೆ ಕಡೆಯುವವರು.

“ಅಷ್ಟೇನಾ ಬೇಟಿ? ಅದಕ್ಕೆ ಅಲ್ಲಾಡೋದು ಬೇಕು ತಾನೆ? ಮಾಡ್ಕೊಡ್ತೀನಿ ಇರು!”

ಲೇತು ಗಿರ್ರೆಂದಿತು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಂತೆ ಕೆಂಪು ಬಣ್ಣ ಕರಗಿ ಹತ್ತಿಕೊಂಡಿತು. ಸಂಜೆಯೊಳಗೆ ಒಂದು ಚೆಂದದ ಗಿರಗಿಟ್ಲೆ ರೆಡಿ.

“ಫ್ಯಾನಿನ ಕೆಳಗಿಡು. ಅದು ತಿರುಗ್ತಾ ಇರ್ಲಿ, ನೀನು ಓದ್ತಾ ಇರು. ಡಬ್ಬಿ ಏಮಾರತ್ತೆ!”

ಮರುದಿನ ರೀಡಿಂಗ್ ರೂಮಿನಲ್ಲಿ ಇಟ್ಟು ನೋಡಿದರೆ ಡಬ್ಬಿ ಏಮಾರಲಿಲ್ಲ. ಗಿರಗಿಟ್ಲೆ ಗಿರಗಿರ ತಿರುಗುತ್ತಿದ್ದಂತೆಯೇ ಲೈಟು ಹೋಯಿತು. ನೋಡುತ್ತಿದ್ದ ಕ್ಲಾಸ್ ಟೀಚರ್ ಪ್ರತಿಮಾ ಮಿಸ್‌ಗೆ ನಗು ತಡೆಯಲಾಗಲಿಲ್ಲ.

“ಬರೀ ಅಲ್ಲಾಡಿದ್ರೆ ಸಾಲ್ದು ಪುಟ್ಟಿ. ಮೈ ಬಿಸಿ ಇರೋರು ಅಲ್ಲಾಡ್ಬೇಕು. ಮರಕ್ಕೆ ಅದೆಲ್ಲಿಂದ ಬರ್ಬೇಕು?”

“ಲೇತಿಂದ ಇಳಿಸಿದಾಗ ಬಿಸಿ ಇತ್ತಲ್ಲ!” ವಿಷಯ ಕೇಳಿ ದಾದಾ ಗಡ್ಡ ಕೆರೆದುಕೊಂಡರು.

ಗುರುವಾರ ಸ್ಕೂಲು ಬಿಡುವ ಬೆಲ್ ಹೊಡೆದಾಗ ಹಿನಾಳ ಕತೆಯಲ್ಲಿ ಮೂರೇ ಪುಟ ಉಳಿದಿತ್ತು. ರೀಡಿಂಗ್ ರೂಮಿನ ಬೀರುವಿನ ಹಿಂದೆ, ಕಿಟಕಿಯ ಚೂರು ಬೆಳಕಲ್ಲಿ ಕೂತಿದ್ದಳು. ಲೈಟು ಹೋದರೂ ಕೈ ಎತ್ತಲಿಲ್ಲ. ಇನ್ನೇನು, ಮುಗಿಯಿತಲ್ಲ.

ಕೊಠಡಿಗಳಿಗೆಲ್ಲ ಬೀಗ ಹಾಕುವುದು ಬೋರಮ್ಮಜ್ಜಿ. ಮೊದಲೆಲ್ಲ ಒಳಗೆ ಬಗ್ಗಿ ನೋಡಿ ಹಾಕುತ್ತಿದ್ದರು. ಡಬ್ಬಿ ಬಂದ ಮೇಲೆ ಅದೂ ತಪ್ಪಿತ್ತು. ಲೈಟು ಆರಿದೆ ಅಂದರೆ ಒಳಗೆ ಯಾರೂ ಇಲ್ಲ.

ಟಕ್.

ಹಿನಾ ಎದ್ದು ಓಡಿದಳು. ಈಗ ಲೈಟು ಹತ್ತಿಕೊಂಡಿತು! ಬಾಗಿಲು ತಳ್ಳಿದರೆ ಅಲುಗಲಿಲ್ಲ. ಬೆರಳಲ್ಲಿ ತಟ್ಟಿದಳು. ಅಜ್ಜಿಯ ಚಪ್ಪಲಿ ಸದ್ದು ದೂರ ಹೋಗುತ್ತಿತ್ತು. ಹಿನಾ ಕಣ್ಣು ಮುಚ್ಚಿ ಬಾಯಿ ತೆರೆದಳು.

“ಬೋರಮ್ಮಜ್ಜೀ! ನಾನಿದ್ದೀನಿ! ಹಿನಾ ಇದ್ದೀನಿ!”

ಇಷ್ಟು ದೊಡ್ಡ ದನಿ ತನ್ನದೇನಾ ಅಂತ ಅವಳಿಗೇ ಅನಿಸಿತು.

ಚಪ್ಪಲಿ ಸದ್ದು ಓಡಿ ಬಂತು. ಅಜ್ಜಿ ಬೀಗ ತೆಗೆದು ಒಳಗೆ ನುಗ್ಗಿದರು.

“ಅಯ್ಯೋ ನನ್ ಕಂದ! ಹೆದ್ರುಕೊಂಡ್‌ಬುಟ್ಯಾ? ದಿನಾ ಒಳಕ್ ಬಗ್ಗಿ ನೋಡ್ತಿದ್ದೆ ಕಣವ್ವ. ಈ ಡಬ್ಬಿ ಬಂತು, ನನ್ ಕಣ್ಣ ಅದ್ರ ಕೈಗ್ ಕೊಟ್‌ಬುಟ್ಟೆ!”

ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅದನ್ನು ನೋಡಿ ಹಿನಾಗೂ ಅಳು ಬಂತು.

“ಅಳ್ಬೇಡಿ ಅಜ್ಜಿ. ನಾನು ಮೊದ್ಲೇ ಕೂಗ್ಬೇಕಿತ್ತು.”

“ನೀನ್ಯಾಕ್ ಕೂಗ್ಬೇಕವ್ವ? ನಾಳೆಯಿಂದ ನಾನೇ ಕೂಗ್ತೀನಿ. ಬಾ, ಒಸಿ ನೀರ್ ಕುಡಿ.” ಅಜ್ಜಿ ಅವಳ ಕೈ ಬಿಡದೆ ಗೇಟಿನವರೆಗೂ ಬಂದರು.

ಮಾರನೇ ದಿನ ಬೆಲ್ ಹೊಡೆಯುವ ಹೊತ್ತಿಗೆ ಹಿನಾಳ ಕತೆ ಮುಗಿದಿತ್ತು. ಬ್ಯಾಗೂ ಹೆಗಲೇರಿತ್ತು. ಆದರೂ ಅವಳು ಏಳಲಿಲ್ಲ. ಲೈಟು ಹೋಯಿತು. ಕೈಯನ್ನೂ ಎತ್ತಲಿಲ್ಲ. ಕಾರಿಡಾರಿನಲ್ಲಿ ಬೀಗದ ಕೈಗಳ ಸದ್ದು ಹತ್ತಿರ ಬಂತು.

“ಹಿನಾ, ಒಳಗಿದ್ದೀಯೇನವ್ವಾ?”

ಕತ್ತಲಲ್ಲಿ ಹಿನಾಳ ಮುಖ ಅರಳಿತು.

“ಇದ್ದೀನಿ ಅಜ್ಜೀ!”

ಗೇಟು ದಾಟುತ್ತಿದ್ದ ಶೋಯೆಬ್ ಕೂಡ ತಿರುಗಿ ನೋಡಿದ.